ಫೋನು ರಾತ್ರಿ ಎಂಟಕ್ಕೆ ಮನೆಗೆ ಬರುವ ಊರಿನಲ್ಲಿ: 6ರಿಂದ 8ನೆಯ ತರಗತಿಗೆ ಮಿಶ್ರ ಕಲಿಕೆಯ ಮೂಲಕ ಡಿಜಿಟಲ್ ಸಾಕ್ಷರತೆ ಕಲಿಸುವ ಬಗೆ

ಮಿಶ್ರ ಕಲಿಕೆ ಎಂಬ ಮಾತು ತರಬೇತಿಗಳಲ್ಲಿ ಕೇಳಿ ಕೇಳಿ ಸವೆದುಹೋಗಿರುವುದರಿಂದ, ಯಾವುದು ಮಿಶ್ರ ಕಲಿಕೆಯಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ತರಗತಿಯಲ್ಲಿ ಟಿ.ವಿ. ಹಚ್ಚಿ ವಿಡಿಯೊ ತೋರಿಸುವುದು ಮಿಶ್ರ ಕಲಿಕೆಯಲ್ಲ. ಕಪ್ಪುಹಲಗೆಯ ಮೇಲಿನ ಮನೆಗೆಲಸದ ಫೋಟೊ ತೆಗೆದು ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದೂ ಅಲ್ಲ. ಪಾಠದ ಒಂದು ಭಾಗವನ್ನು ಮಗು ಶಿಕ್ಷಕರ ಎದುರಿನಲ್ಲಿ ಕಲಿಯಬೇಕು, ಇನ್ನೊಂದು ಭಾಗವನ್ನು ಫೋನಿನಲ್ಲೋ ಕಂಪ್ಯೂಟರಿನಲ್ಲೋ ತನಗೆ ಅನುಕೂಲವಾದ ಹೊತ್ತಿನಲ್ಲಿ, ತನ್ನದೇ ವೇಗದಲ್ಲಿ ಕಲಿಯಬೇಕು, ಮತ್ತು ಒಂದನ್ನು ಬಿಟ್ಟರೆ ಇನ್ನೊಂದು ಪೂರ್ಣವಾಗದಂತೆ ಎರಡನ್ನೂ ಹೆಣೆದಿರಬೇಕು. ಹಾಗಿದ್ದಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ.

ಡಿಜಿಟಲ್ ಸಾಕ್ಷರತೆಯ ವಿಷಯದಲ್ಲಿಯೂ ಇಂಥದೇ ಗೊಂದಲವಿದೆ. ಫೋನ್ ಒತ್ತುವುದನ್ನು ನಾವು ಮಕ್ಕಳಿಗೆ ಕಲಿಸಬೇಕಾಗಿಲ್ಲ. ಅಪ್ಪನ ಫೋನಿನ ಲಾಕ್ ತೆಗೆದು ರೀಲ್ಸ್ ನೋಡುವುದು ಏಳನೆಯ ತರಗತಿಯ ಹುಡುಗನಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವನಿಗೆ ಗೊತ್ತಿಲ್ಲದಿರುವುದು ಬೇರೆ: ಏನನ್ನು ಟೈಪ್ ಮಾಡಿದರೆ ಬೇಕಾದದ್ದು ಸಿಗುತ್ತದೆ, ಸಿಕ್ಕಿದ್ದನ್ನು ಯಾರು ಯಾವಾಗ ಬರೆದರು, ಅದನ್ನು ಏಕೆ ನಂಬಬೇಕು, ಏನನ್ನು ಯಾರಿಗೂ ಕಳುಹಿಸಬಾರದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6, 7 ಮತ್ತು 8ನೆಯ ತರಗತಿಗಳನ್ನು ಮಧ್ಯಮ ಹಂತವೆಂದು ಕರೆದಿದೆ. ಈ ಮೂರು ವರ್ಷಗಳಲ್ಲಿ ಮಕ್ಕಳು ಫೋನನ್ನು ಹಟ ಮಾಡಿ ಪಡೆಯಲು ತೊಡಗುತ್ತಾರೆ. ಆದುದರಿಂದ ಕಲಿಸುವ ಕಾಲವೂ ಇದೇ.

ನಾನು ವಿಜಯಪುರ ಜಿಲ್ಲೆಯ ಕೃಷ್ಣಾ ದಂಡೆಯ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತೇನೆ. ಮುಂದೆ ಹೇಳಿರುವ ಕ್ರಮವನ್ನು ಅಲ್ಲಿ ಮಾಡಿ ನೋಡಿ, ಕೆಟ್ಟಲ್ಲಿ ತಿದ್ದಿಕೊಂಡಿದ್ದೇನೆ. ಇದಕ್ಕೆ ಪ್ರತ್ಯೇಕ ಕಂಪ್ಯೂಟರ್ ಪಿರಿಯಡ್ ಇಟ್ಟುಕೊಳ್ಳಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಕನ್ನಡದ ಒತ್ತಕ್ಷರ ಕಲಿಸುವಾಗ ಟೈಪಿಂಗ್, ಜಿಲ್ಲೆಯ ಭೂಗೋಳ ಕಲಿಸುವಾಗ ಹುಡುಕಾಟ ಎಂಬಂತೆ ಪಾಠದ ಹೆಗಲ ಮೇಲೆಯೇ ಅದನ್ನು ಕೂಡಿಸಬೇಕು.

ಮೊದಲ ಕೆಲಸ: ಫೋನಿನ ಲೆಕ್ಕ

"ನಿಮ್ಮ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯೇ?" ಎಂದು ತುಂಬಿದ ತರಗತಿಯಲ್ಲಿ ಕೇಳಿದರೆ ಎಲ್ಲರೂ ಕೈ ಎತ್ತುತ್ತಾರೆ. ಇಲ್ಲವೆನ್ನಲು ನಾಚಿಕೆ, ಇದೆ ಎನ್ನುವುದರಿಂದ ನಮಗೆ ತಿಳಿಯುವುದೂ ಏನಿಲ್ಲ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಫೋನ್ ಯಾರದು, ಅದು ಎಷ್ಟು ಹೊತ್ತಿಗೆ ಮನೆಗೆ ಬರುತ್ತದೆ, ಎಷ್ಟಕ್ಕೆ ಹೊರಟುಹೋಗುತ್ತದೆ, ರೀಚಾರ್ಜ್ ಮುಗಿದ ಮೇಲೆ ಎಷ್ಟು ದಿನ ಖಾಲಿ ಇರುತ್ತದೆ, ಮನೆಯಲ್ಲಿ ಅದನ್ನು ಮೊದಲು ಹಿಡಿಯುವವರು ಯಾರು ಎಂದು ಕೇಳಿ ಬರೆದುಕೊಳ್ಳಬೇಕು. ಹೀಗೆ ಕೇಳಿದಾಗ ನನಗೆ ತಿಳಿದುಬಂದದ್ದೆಂದರೆ, ಬಹಳ ಮನೆಗಳಲ್ಲಿ ಇರುವ ಒಂದೇ ಫೋನು ಬೆಳಗ್ಗೆ ಅಪ್ಪನ ಜೊತೆ ಹೊಲಕ್ಕೋ ಟ್ರ್ಯಾಕ್ಟರಿಗೋ ಹೋಗಿ ರಾತ್ರಿ ಎಂಟರ ಸುಮಾರಿಗೆ ಮರಳುತ್ತದೆ, ಮರಳಿದ ಮೇಲೆ ಅಣ್ಣನ ಕೈ ಸೇರುತ್ತದೆ, ತಂಗಿಯ ಸರದಿ ಬರುವಷ್ಟರಲ್ಲಿ ಮಲಗುವ ಹೊತ್ತಾಗಿರುತ್ತದೆ. ತೋಟದ ವಸತಿಯಲ್ಲಿರುವ ಮಕ್ಕಳಿಗೆ ಇದರ ಮೇಲೆ ನೆಟ್‌ವರ್ಕಿನ ತೊಂದರೆ ಬೇರೆ.

ಆದ್ದರಿಂದ ಮನೆಯ ಭಾಗವನ್ನು ಅತ್ಯಂತ ಕಷ್ಟದಲ್ಲಿರುವ ಮಗುವಿಗೆ ಹೊಂದುವಂತೆ ರೂಪಿಸಬೇಕು. ನಾನು ಇಟ್ಟುಕೊಂಡ ಅಳತೆ ಇದು: ವಾರಕ್ಕೆ ಎರಡೇ ಸಲ, ಪ್ರತಿ ಸಲ 15 ನಿಮಿಷ, ಮೊದಲೇ ಇಳಿಸಿಟ್ಟುಕೊಂಡ ಒಂದೇ ವಿಡಿಯೊ ಅಥವಾ ಒಂದೇ ಧ್ವನಿ ಸಂದೇಶ, ಮತ್ತು ಮುಗಿಸಲು ಮೂರು ದಿನಗಳ ಅವಧಿ. 2017ರಲ್ಲಿ ಆರಂಭವಾದ, ಶಾಲಾ ಪಾಠಗಳನ್ನು ಡಿಜಿಟಲ್ ರೂಪದಲ್ಲಿ ಕೊಡುವ ಸರ್ಕಾರಿ ದೀಕ್ಷಾ ವೇದಿಕೆಯ ಆ್ಯಪ್‌ನಲ್ಲಿ ಒಮ್ಮೆ ಇಳಿಸಿಕೊಂಡ ಪಾಠವನ್ನು ಇಂಟರ್‌ನೆಟ್ ಇಲ್ಲದೆಯೂ ನೋಡಬಹುದು. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಇಳಿಸಿಕೊಳ್ಳುವುದನ್ನು ಪಾಲಕರ ಸಭೆಯಲ್ಲಿಯೇ, ಅವರ ಫೋನಿನಲ್ಲಿಯೇ, ಮಕ್ಕಳ ಕೈಯಿಂದ ಮಾಡಿಸಬೇಕು. ಫೋನೇ ಇಲ್ಲದ ಮಗುವನ್ನು ಅದೇ ಓಣಿಯ ಮತ್ತೊಂದು ಮಗುವಿನ ಜೊತೆ ಜೋಡಿ ಮಾಡಬೇಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲಿನ ಗ್ರಂಥಪಾಲಕರನ್ನು ಕಂಡು ವಾರಕ್ಕೊಂದು ಸಂಜೆ ಗೊತ್ತುಪಡಿಸಿಕೊಳ್ಳಬಹುದು.

ಹೆಣ್ಣುಮಕ್ಕಳ ಸರದಿಯ ಮಾತನ್ನು ಸಭೆಯಲ್ಲಿ ತಾಯಂದಿರ ಎದುರಿಗೇ ಆಡಬೇಕು. "ಮಂಗಳವಾರ ಮತ್ತು ಶುಕ್ರವಾರ ಎಂಟರಿಂದ ಎಂಟೂಕಾಲರವರೆಗೆ ಫೋನು ಇವಳದು" ಎಂದು ದಿನ, ಹೊತ್ತು ಹೇಳಿ ಕೇಳಿದರೆ ಒಪ್ಪುವ ಮನೆಗಳೇ ಹೆಚ್ಚು. ಸುಮ್ಮನೆ "ಹುಡುಗಿಗೂ ಫೋನ್ ಕೊಡಿ" ಎಂದರೆ ತಲೆಯಾಡಿಸಿ ಮರೆತುಬಿಡುತ್ತಾರೆ.

ನಾಲ್ಕು ಕಂಪ್ಯೂಟರ್, 36 ಮಕ್ಕಳು

ಮಕ್ಕಳನ್ನು ಮೂರು ಗುಂಪು ಮಾಡಿ ಸರದಿಯ ಮೇಲೆ ಬೇರೆ ಬೇರೆ ಕೆಲಸಕ್ಕೆ ಹಚ್ಚುವುದು ಮಿಶ್ರ ಕಲಿಕೆಯ ಹಳೆಯ ಪದ್ಧತಿ. ಅದನ್ನು ನಾನು ಮೊದಲು 40 ನಿಮಿಷದ ಒಂದೇ ಪಿರಿಯಡ್ಡಿನಲ್ಲಿ ಮಾಡಲು ಹೋಗಿ ಕೆಡಿಸಿಕೊಂಡೆ. ಪ್ರತಿ ಗುಂಪಿಗೆ 12 ನಿಮಿಷ ಸಿಕ್ಕರೂ ಅದರಲ್ಲಿ ಅರ್ಧ ಎದ್ದು ಕೂಡುವುದರಲ್ಲಿ, ಹಿಂದಿನವರು ಮುಚ್ಚಿದ್ದನ್ನು ಮತ್ತೆ ತೆರೆಯುವುದರಲ್ಲಿ ಹೋಯಿತು. ಈಗ ಸರದಿಯನ್ನು ವಾರಕ್ಕೆ ಹಂಚಿದ್ದೇನೆ. ಸೋಮವಾರ ಕಂಪ್ಯೂಟರಿನಲ್ಲಿ ಕುಳಿತ ಗುಂಪು ಬುಧವಾರ ಪತ್ರಿಕೆ, ಭೂಪಟ, ಪಠ್ಯಪುಸ್ತಕಗಳ ಜೊತೆ ಕೂಡುತ್ತದೆ, ಶುಕ್ರವಾರ ನನ್ನ ಜೊತೆ ಚರ್ಚೆಗೆ ಬರುತ್ತದೆ. ಮೂರೂ ಗುಂಪುಗಳು ಕಂಪ್ಯೂಟರ್ ಕೋಣೆಯಲ್ಲಿಯೇ ಇರುತ್ತವೆ. ಎರಡು ಗುಂಪಿಗೆ ನೆಲದ ಮೇಲೆ ಜಮಖಾನೆ ಹಾಸಿದರೆ ಸಾಕು. ಪರದೆಗಳೆಲ್ಲ ನನ್ನ ಕಣ್ಣಿಗೆ ಬೀಳುವಂತೆ ಕಂಪ್ಯೂಟರ್‌ಗಳನ್ನು ಮಕ್ಕಳು ಗೋಡೆಯ ಕಡೆಗೆ ಮುಖ ಮಾಡಿ ಕೂಡುವ ಹಾಗೆ ಇಟ್ಟಿದ್ದೇನೆ.

ಒಂದು ಕಂಪ್ಯೂಟರಿಗೆ ಮೂವರು. ಒಬ್ಬರು ಟೈಪ್ ಮಾಡುವವರು, ಒಬ್ಬರು ಓದಿ ಹೇಳುವವರು, ಒಬ್ಬರು ಹುಡುಕಾಟದ ಪುಸ್ತಕದಲ್ಲಿ, ಅಂದರೆ ಏನು ಹುಡುಕಿದೆವು ಎಂದು ದಾಖಲಿಸುವ ನೋಟುಪುಸ್ತಕದಲ್ಲಿ, ಬರೆಯುವವರು. ಹತ್ತು ನಿಮಿಷಕ್ಕೊಮ್ಮೆ ಕೆಲಸ ಬದಲಾಗಲೇಬೇಕು. ಬದಲಾಯಿಸದಿದ್ದರೆ ಮೌಸ್ ಹಿಡಿದವನು ವರ್ಷವಿಡೀ ಅದನ್ನು ಬಿಡುವುದಿಲ್ಲ.

ಯಾವುದು ಮನೆಗೆ, ಯಾವುದು ಶಾಲೆಗೆ ಎಂಬುದನ್ನು ಹೀಗೆ ತೀರ್ಮಾನಿಸಬಹುದು. ಒಬ್ಬರೇ ಕೇಳಿ, ನಿಲ್ಲಿಸಿ, ಮತ್ತೆ ಕೇಳಿ ತಿಳಿದುಕೊಳ್ಳುವಂಥ ವಿವರಣೆ ಮನೆಗೆ ಹೋಗಲಿ. ಅಜ್ಜಿಯ ಮಾತನ್ನು ಧ್ವನಿಮುದ್ರಿಸುವುದು, ಬಾವಿಯ ಫೋಟೊ ತೆಗೆಯುವುದು ಮುಂತಾದ ಸಂಗ್ರಹದ ಕೆಲಸವೂ ಮನೆಗೆ. ಹುಡುಕಾಟ ಮಾತ್ರ ಮೊದಲ ಎರಡು ತಿಂಗಳು ಶಾಲೆಯಲ್ಲಿಯೇ ನಡೆಯಬೇಕು, ಏಕೆಂದರೆ ಮಗು ತಪ್ಪುವ ಕ್ಷಣದಲ್ಲಿ ಪಕ್ಕದಲ್ಲಿ ದೊಡ್ಡವರು ಇರಬೇಕಾದದ್ದು ಅಲ್ಲಿಯೇ.

ಒತ್ತಕ್ಷರದ ಪಾಠದಲ್ಲಿ ಟೈಪಿಂಗ್

ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕಳುಹಿಸುವುದನ್ನು ಬಿಡಿಸಲು ಬೈದು ಪ್ರಯೋಜನವಿಲ್ಲ. ಕನ್ನಡ ಕೀಬೋರ್ಡನ್ನು ಫೋನಿನಲ್ಲಿ ಸೇರಿಸಿ, ಸಂಯುಕ್ತಾಕ್ಷರದ ಪಾಠವನ್ನೇ ಅದರ ಮೇಲೆ ಮಾಡಬೇಕು. "ವಿಜ್ಞಾನ" ಎಂದು ಬರೆಯಲು ವ, ಗುಡಿಸು, ಜ, ಅರ್ಧಾಕ್ಷರದ ಚಿಹ್ನೆ, ಞ, ದೀರ್ಘದ ಇಳಿ, ನ ಈ ಕ್ರಮದಲ್ಲಿ ಒತ್ತಬೇಕಾಗುತ್ತದೆ. ಜ್ ಮತ್ತು ಞ ಸೇರಿ ಜ್ಞ ಆಗುತ್ತದೆ ಎಂದು ಹಲಗೆಯ ಮೇಲೆ ನಾಲ್ಕು ಸಲ ಹೇಳಿದರೂ ನಿಲ್ಲದ್ದು, ಬೆರಳು ಒಮ್ಮೆ ಆ ದಾರಿಯಲ್ಲಿ ಹೋದರೆ ನಿಲ್ಲುತ್ತದೆ.

ಅರ್ಕಾವತ್ತಿನಲ್ಲಿ ಇನ್ನೂ ಸ್ವಾರಸ್ಯವಿದೆ. "ಸೂರ್ಯ" ಎಂಬುದನ್ನು ಕೈಯಲ್ಲಿ ಬರೆಯುವಾಗ ಯ ಬರೆದ ಮೇಲೆ ಅರ್ಕಾವತ್ತಿನ ಗುರುತು ಹಾಕುತ್ತೇವಾದ್ದರಿಂದ, ಮಕ್ಕಳು ಕೀಬೋರ್ಡಿನಲ್ಲಿ ಯ ಒತ್ತಿ ಆ ಗುರುತನ್ನು ಹುಡುಕುತ್ತಾರೆ, ಸಿಗದಿದ್ದಾಗ ನೋಡಲು ಅದರಂತೆಯೇ ಇರುವ ಕನ್ನಡದ ಒಂಬತ್ತನೆಯ ಅಂಕಿಯನ್ನು ಒತ್ತುತ್ತಾರೆ. ಪರದೆಯ ಮೇಲೆ "ಸೂಯ೯" ಎಂದು ಮೂಡುತ್ತದೆ; ಕಣ್ಣಿಗೆ ಎಲ್ಲವೂ ಸರಿ. ಸೊನ್ನೆಯದೂ ಇದೇ ಕತೆ: "ಅ೦ಗಡಿ" ಎಂದು ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿಯನ್ನು ಹಾಕಿರುತ್ತಾರೆ. ಇಲ್ಲಿ ತಿದ್ದಿ ಮುಂದೆ ಹೋಗಬಾರದು. ಒಂದು ಕಡತದಲ್ಲಿ ಎರಡೂ ರೂಪಗಳಲ್ಲಿ ಟೈಪ್ ಮಾಡಿಸಿ, ಅದೇ ಕಡತದಲ್ಲಿ ಸರಿಯಾದ "ಅಂಗಡಿ"ಯನ್ನು ಹುಡುಕಲು ಹೇಳಬೇಕು. ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಮನುಷ್ಯನ ಕಣ್ಣು ಆಕಾರವನ್ನು ಓದುತ್ತದೆ, ಕಂಪ್ಯೂಟರ್ ಪ್ರತಿ ಅಕ್ಷರದ ಹಿಂದಿರುವ ಯೂನಿಕೋಡ್ ಸಂಖ್ಯೆಯನ್ನು ಓದುತ್ತದೆ ಎಂಬುದು ಆಗ ವಿವರಣೆ ಬೇಡದೆ ತಿಳಿಯುತ್ತದೆ. (ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ನಮ್ಮ ಪ್ರಶ್ನೆಪತ್ರಿಕೆಗಳು ಪಾಲಕರ ಫೋನಿನಲ್ಲಿ ಚಿತ್ರವಿಚಿತ್ರ ಗುರುತುಗಳಾಗಿ ತೆರೆದುಕೊಳ್ಳುವುದೂ ಇದೇ ಕಾರಣಕ್ಕೆ, ಶಿಕ್ಷಕರೂ ಯೂನಿಕೋಡಿಗೆ ಬರುವುದು ಒಳ್ಳೆಯದು.)

ನಮ್ಮ ಜಿಲ್ಲೆಯಲ್ಲಿ ಹುಲಿ

ಹುಡುಕಾಟ ಕಲಿಸಲು ನಮ್ಮ ಜಿಲ್ಲೆಯ ಹೆಸರಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. "ನಮ್ಮ ಜಿಲ್ಲೆಯ ಅರಣ್ಯ ಮತ್ತು ಪ್ರಾಣಿಗಳು" ಎಂಬ ವಿಷಯ ಕೊಟ್ಟಾಗ ಒಂದು ಗುಂಪು ಜಿಲ್ಲೆಯ ಹಳೆಯ ಹೆಸರನ್ನು, ಅಂದರೆ ಬಿಜಾಪುರವನ್ನು, ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಸಿಕ್ಕಿದ್ದನ್ನು ಅಂದವಾಗಿ ಬರೆದು ತಂದಿತು. ಜಿಲ್ಲೆಯಲ್ಲಿ ದಟ್ಟವಾದ ಕಾಡು, ಇಂದ್ರಾವತಿ ರಾಷ್ಟ್ರೀಯ ಉದ್ಯಾನ, ಅದರಲ್ಲಿ ಹುಲಿಗಳು. ಓದಿ ಮುಗಿಸುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬಳು ಎದ್ದು, "ಸರ, ನಮ್ಮಲ್ಲಿ ಹುಲಿ ಎಲ್ಲಿಂದ ಬಂದಾವ್ರಿ? ಜಾಲಿಕಂಟಿ ಬಿಟ್ರ ಏನೈತ್ರಿ ಇಲ್ಲಿ?" ಎಂದಳು. ಛತ್ತೀಸಗಡದಲ್ಲಿಯೂ ಬಿಜಾಪುರ ಎಂಬ ಜಿಲ್ಲೆಯಿದೆ. ಇಂದ್ರಾವತಿ ಉದ್ಯಾನ ಅಲ್ಲಿಯದು.

ಇಂಥ ತಪ್ಪನ್ನು ನೀವೇ ಯೋಜಿಸಿ ತರಗತಿಗೆ ತರಬೇಕೆಂದು ನನ್ನ ಸಲಹೆ. ತಪ್ಪು ಬಂದ ಕೂಡಲೇ ಉತ್ತರ ಹೇಳಬಾರದು. ಆ ಪುಟವನ್ನು ಅಲ್ಲಿಯೇ ಬಿಟ್ಟು, ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು, ಅದರಲ್ಲಿರುವ ಒಂದು ಹೆಸರನ್ನು ಮಾತ್ರ ಹುಡುಕಿಸಬೇಕು. ಇಂದ್ರಾವತಿ ಎಂದು ಹುಡುಕಿ ಭೂಪಟ ತೆರೆದರೆ ಅರ್ಧ ನಿಮಿಷದಲ್ಲಿ ವಿಷಯ ಬಯಲಾಗುತ್ತದೆ. ನಾನು ಇದಕ್ಕೆ "ಅಡ್ಡ ಓದು" ಎನ್ನುತ್ತೇನೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಗ್ರೂ ಅವರು ಇತಿಹಾಸಕಾರರು, ವಿದ್ಯಾರ್ಥಿಗಳು ಹಾಗೂ ವೃತ್ತಿಪರ ಸತ್ಯಪರಿಶೀಲಕರು ಅಂತರ್ಜಾಲದ ಪುಟಗಳನ್ನು ಹೇಗೆ ಓದುತ್ತಾರೆಂದು 2017ರಲ್ಲಿ ಹೋಲಿಸಿ ನೋಡಿದಾಗ, ಪುಟದೊಳಗೇ ಮೇಲಿಂದ ಕೆಳಗೆ ಓದುತ್ತ ಕುಳಿತ ವಿದ್ವಾಂಸರು ಹಲವು ಸಲ ಮೋಸಹೋದರು, ಬೇಗನೆ ಆ ಪುಟ ಬಿಟ್ಟು ಹೊರಗಿನವರು ಅದರ ಬಗ್ಗೆ ಏನೆನ್ನುತ್ತಾರೆಂದು ನೋಡಿದ ಪರಿಶೀಲಕರು ಬೇಗ ಸತ್ಯಕ್ಕೆ ತಲುಪಿದರು. ಮಕ್ಕಳಿಗೆ ಈ ಸಂಶೋಧನೆಯ ಮಾತು ಬೇಡ, ಹುಲಿ ಸಾಕು.

ಅದೇ ಹೆಸರಿನ ಮೇಲೆ ಮುಂದಿನ ವಾರ ಗಣಿತದ ನಕ್ಷೆ ಬರೆಸಬಹುದು. ಆಯಾ ಕಾಲದ ಜನಗಣತಿಯ ಪಟ್ಟಿಗಳಲ್ಲಿ ಬಿಜಾಪುರ ಜಿಲ್ಲೆಯ ಜನಸಂಖ್ಯೆ 1991ರಲ್ಲಿ 29 ಲಕ್ಷ ದಾಟಿದೆ, 2001ರಲ್ಲಿ ಸುಮಾರು 18 ಲಕ್ಷ. ಮಕ್ಕಳು ಎರಡು ಕಂಬ ಎಳೆದು ನೋಡಿ ಬೆರಗಾಗುತ್ತಾರೆ: ಹತ್ತು ವರ್ಷದಲ್ಲಿ 11 ಲಕ್ಷ ಜನ ಎಲ್ಲಿ ಹೋದರು? ಬರ, ಗುಳೆ, ಆಲಮಟ್ಟಿಯ ಹಿನ್ನೀರು ಎಂದೆಲ್ಲ ಊಹೆಗಳು ಬರುತ್ತವೆ. ಬರಲಿ, ಎಲ್ಲವನ್ನೂ ಹಲಗೆಯ ಮೇಲೆ ಬರೆದುಕೊಳ್ಳಬೇಕು. ಆಮೇಲೆ ಮನೆಯ ಕೆಲಸವಾಗಿ, "ಬಾಗಲಕೋಟೆ ಮೊದಲು ಯಾವ ಜಿಲ್ಲೆಯಲ್ಲಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಧ್ವನಿಮುದ್ರಿಸಿಕೊಂಡು ಬನ್ನಿ" ಎಂದು ಹೇಳಬೇಕು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. 2001ರಲ್ಲಿ ಅದರ ಜನಸಂಖ್ಯೆ ಸುಮಾರು 16.5 ಲಕ್ಷ. ಎರಡನ್ನೂ ಕೂಡಿಸಿದರೆ ಕಂಬ ಮತ್ತೆ ಮೇಲೇಳುತ್ತದೆ. ಜಿಲ್ಲೆಗೆ ವಿಜಯಪುರ ಎಂಬ ಹೆಸರು ಬಂದದ್ದು 2014ರ ನವೆಂಬರ್ 1ರಂದು ಎಂಬುದೂ ಇದರ ಜೊತೆಗೇ ಸೇರಿಕೊಂಡು, ಹಳೆಯ ಮಾಹಿತಿಗೆ ಹಳೆಯ ಹೆಸರು, ಹೊಸದಕ್ಕೆ ಹೊಸ ಹೆಸರು ಹಾಕಿ ಹುಡುಕಬೇಕೆಂಬುದು ಮಕ್ಕಳಿಗೇ ಹೊಳೆಯುತ್ತದೆ. ಬೆಳಗಾವಿಯ ಶಿಕ್ಷಕರೂ ತಮ್ಮ ಊರಿನ ಎರಡು ಹೆಸರುಗಳ ಮೇಲೆ ಇದೇ ಪಾಠವನ್ನು ಕಟ್ಟಬಹುದು.

ಗೋಳಗುಮ್ಮಟದ ಬಗ್ಗೆ "ಜಗತ್ತಿನ ಎರಡನೆಯ ಅತಿ ದೊಡ್ಡ ಗುಮ್ಮಟ" ಎಂಬ ಮಾತು ಎಲ್ಲ ಕಡೆ ಸಿಗುತ್ತದೆ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಸಿಂಗಪುರದ ರಾಷ್ಟ್ರೀಯ ಕ್ರೀಡಾಂಗಣದ ಗುಮ್ಮಟದ ಅಗಲ 310 ಮೀಟರ್. ಹಾಗಾದರೆ ಆ ಮಾತು ಯಾವ ಕಾಲದ, ಯಾವ ಬಗೆಯ ಗುಮ್ಮಟಗಳ ನಡುವಿನ ಹೋಲಿಕೆ ಎಂಬ ಪ್ರಶ್ನೆಯನ್ನು ಎಂಟನೆಯ ತರಗತಿಗೆ ಕೊಡಬಹುದು. ಊರಿನ ಅಭಿಮಾನಕ್ಕೆ ಧಕ್ಕೆಯೆಂದು ಒಬ್ಬಿಬ್ಬರು ಪಾಲಕರು ಮುನಿಸಿಕೊಂಡಾರು. ಅಭಿಮಾನ ಬೇರೆ, ಅಳತೆ ಬೇರೆ ಎಂದು ಸಮಾಧಾನವಾಗಿ ಹೇಳಿದರಾಯಿತು.

ಈಚೆಗೆ ಹುಡುಕಾಟದ ಪುಟದ ಮೇಲ್ತುದಿಯಲ್ಲಿಯೇ ಎಐ (ಕೃತಕ ಬುದ್ಧಿಮತ್ತೆ) ಬರೆದ ಸಿದ್ಧ ಉತ್ತರವೂ ಬರುತ್ತದೆ. ಅದನ್ನು ನಿಷೇಧಿಸುವುದಕ್ಕಿಂತ, ಅದರಲ್ಲಿರುವ ಒಂದು ಅಂಕಿ ಮತ್ತು ಒಂದು ಹೆಸರನ್ನು ಆರಿಸಿ ಅಡ್ಡ ಓದಿಗೆ ಹಚ್ಚುವುದು ಮೇಲು.

ಮಳೆಗಾಲದ ಫಾರ್ವರ್ಡ್

ಆಲಮಟ್ಟಿ ಜಲಾಶಯಕ್ಕೆ 26 ಗೇಟುಗಳು. ಜುಲೈ, ಆಗಸ್ಟ್ ಬಂತೆಂದರೆ "ಎಲ್ಲಾ ಗೇಟ್ ತೆರೆದಿದ್ದಾರೆ, ಇಂದು ರಾತ್ರಿ ಊರು ಖಾಲಿ ಮಾಡಿ" ಎಂಬಂಥ ಸಂದೇಶಗಳು ಯಾವುದೋ ಹಳೆಯ ಪ್ರವಾಹದ ವಿಡಿಯೊ ಅಂಟಿಸಿಕೊಂಡು ನಮ್ಮ ಕಡೆ ತಿರುಗಾಡುತ್ತವೆ. 2019ರ ಆಗಸ್ಟಿನ ಪ್ರವಾಹವನ್ನು ಕಂಡ ಮನೆಗಳಲ್ಲಿ ಇದನ್ನು ಓದಿ ನಗುವವರಿಲ್ಲ. ಆದುದರಿಂದ ಈ ಪಾಠವನ್ನು ತಮಾಷೆಯಾಗಿ ಮಾಡಬಾರದು, ಮಳೆಗಾಲದ ಮೊದಲೇ ಮಾಡಬೇಕು.

ಶಿಕ್ಷಕರೇ ಅಂಥ ಒಂದು ಸಂದೇಶವನ್ನು ಕಾಗದದ ಮೇಲೆ ಬರೆದು ಹಂಚಲಿ. ಫೋನಿನಲ್ಲಿ ಹಂಚಿದರೆ ಪಾಠದ ಸುಳ್ಳೇ ಸಂಜೆಯೊಳಗೆ ಊರು ತಲುಪುತ್ತದೆ. ಮಕ್ಕಳು ಮೊದಲು ಅದರಲ್ಲಿ ಏನಿಲ್ಲ ಎಂಬುದನ್ನು ಗುರುತಿಸಬೇಕು: ದಿನಾಂಕವಿಲ್ಲ, ಕಳುಹಿಸಿದ ಅಧಿಕಾರಿಯ ಹುದ್ದೆಯಿಲ್ಲ, ಎಷ್ಟು ಕ್ಯೂಸೆಕ್ ಎಂಬ ಲೆಕ್ಕವಿಲ್ಲ. ನಂತರ ಆ ದಿನದ ಪತ್ರಿಕೆಯಲ್ಲಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವುಗಳನ್ನು ಹುಡುಕಿ ಬರೆಯಬೇಕು. ಜಲಾಶಯದ ಗರಿಷ್ಠ ಮಟ್ಟ 519.60 ಮೀಟರ್ ಎಂದು ಗೊತ್ತಿರುವ ಮಗು ಇಂದಿನ ಮಟ್ಟವನ್ನು ಅದಕ್ಕೆ ಹೋಲಿಸಿ ಮಾತನಾಡುತ್ತದೆ. ಮನೆಯ ಭಾಗ ಇಷ್ಟು: ಮನೆಯವರ ಫೋನಿಗೆ ಆ ವಾರ ಬಂದ ಫಾರ್ವರ್ಡ್‌ಗಳಲ್ಲಿ ಒಂದನ್ನು ಅಪ್ಪನನ್ನೋ ಅವ್ವನನ್ನೋ ಕೂಡಿಸಿಕೊಂಡು ಇದೇ ರೀತಿ ನೋಡುವುದು. ದೊಡ್ಡವರಿಗೆ "ನೀವು ತಪ್ಪು ಕಳಿಸೀರಿ" ಎನ್ನಬಾರದು, "ಇದು ಯಾವತ್ತಿಂದು, ನೋಡೋಣ ಬರ್ರಿ" ಎನ್ನಬೇಕು ಎಂದು ಹೇಳಿಯೇ ಕಳುಹಿಸಬೇಕು. ಎಚ್ಚರಿಕೆ ನಿಜವಾಗಿರಬಹುದಾದ ಸಂದರ್ಭದಲ್ಲಿ ಪರಿಶೀಲನೆಗೆ ಕೂಡುವುದಲ್ಲ, ಪಂಚಾಯಿತಿಗೆ ಅಥವಾ ಗ್ರಾಮ ಆಡಳಿತಾಧಿಕಾರಿಗೆ ಫೋನ್ ಮಾಡುವುದು ಎಂಬುದನ್ನೂ ಸೇರಿಸಬೇಕು.

ಜೋಪಾನದ ಮಾತು

ವಾಟ್ಸ್‌ಆ್ಯಪ್ ಖಾತೆ ತೆರೆಯಲು 13 ವರ್ಷ ತುಂಬಿರಬೇಕು. ನಮ್ಮ ಆರು, ಏಳನೆಯ ತರಗತಿಯ ಮಕ್ಕಳಲ್ಲಿ ಬಹುತೇಕರಿಗೆ ಅಷ್ಟಾಗಿರುವುದಿಲ್ಲ. ಆದುದರಿಂದ ಗುಂಪು ಪಾಲಕರದ್ದೇ ಆಗಿರಲಿ, ಅದರಲ್ಲಿ ಶಿಕ್ಷಕರು ಮಾತ್ರ ಸಂದೇಶ ಹಾಕುವಂತಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಪರಿಗಣಿಸಿ ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ ಎಂಬುದನ್ನು ನೆನಪಿಟ್ಟು, ಮಕ್ಕಳ ಹೆಸರು, ಫೋಟೊ ಕೇಳುವ ಹೊಸ ಹೊಸ ಆ್ಯಪ್‌ಗಳನ್ನು ಶಾಲೆಯ ಹೆಸರಿನಲ್ಲಿ ಹಾಕಿಸಬಾರದು. ಅಂಗಡಿಯಲ್ಲಿ ಅವ್ವನ ಫೋನಿನಿಂದ ಹಣ ಕಳುಹಿಸಿಕೊಡುವ ಮಕ್ಕಳು ಬಹಳ ಇದ್ದಾರೆ. ಅವರಿಗೆ ಒಂದು ಮಾತು ಚೆನ್ನಾಗಿ ಮನದಟ್ಟಾಗಬೇಕು: ಹಣ ಕಳುಹಿಸಲು ಪಿನ್ ಬೇಕು, ಹಣ ಪಡೆಯಲು ಪಿನ್ ಬೇಡ. ಹಣ ಹೋದರೆ ತಡಮಾಡದೆ 1930ಕ್ಕೆ, ಮಗುವಿಗೆ ಯಾರಾದರೂ ಕಾಟ ಕೊಡುತ್ತಿದ್ದರೆ 1098ಕ್ಕೆ ಫೋನ್ ಮಾಡಬೇಕೆಂದು ಎರಡೂ ಸಂಖ್ಯೆಗಳನ್ನು ಪಠ್ಯಪುಸ್ತಕದ ರಟ್ಟಿನ ಒಳಗೆ ಬರೆಸಬೇಕು.

ಕಬ್ಬು ಕಡಿಯಲು ಹೋಗುವ ಮಕ್ಕಳು

ದೀಪಾವಳಿಯ ಆಸುಪಾಸಿನಲ್ಲಿ ಕೆಲವು ಮಕ್ಕಳು ತಂದೆತಾಯಿಯ ಜೊತೆ ಕಬ್ಬಿನ ಗ್ಯಾಂಗಿನಲ್ಲಿ ಹೊರಟುಹೋಗುತ್ತಾರೆ, ಮರಳುವುದು ಬೇಸಿಗೆಗೆ. ಅಜ್ಜ ಅಜ್ಜಿಯ ಬಳಿ ಬಿಟ್ಟುಹೋಗುವಂತೆ ಮನವೊಲಿಸುವುದೇ ಮೊದಲ ದಾರಿ. ಅದಾಗದಿದ್ದರೆ, ಹೊರಡುವ ಮುಂಚಿನ ವಾರ ಅವರ ಫೋನಿನಲ್ಲಿ ಎಂಟು ಹತ್ತು ಪಾಠಗಳನ್ನು ಇಳಿಸಿಕೊಟ್ಟು, ವಾರಕ್ಕೊಂದು ಧ್ವನಿ ಸಂದೇಶ ಕಳುಹಿಸುವ ಒಪ್ಪಂದ ಮಾಡಿಕೊಳ್ಳಬೇಕು. ಬರಹಕ್ಕೆ ಬೇಡಿಕೆ ಇಡಬಾರದು. ಗುಡಿಸಲಿನ ಕತ್ತಲಲ್ಲಿ ಬರೆಯುವುದಾಗದು, ಮಾತನಾಡುವುದಾಗುತ್ತದೆ. ಒಬ್ಬ ಹುಡುಗ ತಾನಿದ್ದ ಊರು, ಆ ದಿನ ಎಷ್ಟು ಟನ್ ಕಬ್ಬು ತುಂಬಿದರು, ಲಾರಿ ಯಾವ ಕಾರ್ಖಾನೆಗೆ ಹೋಯಿತು ಎಂದು ಹೇಳುತ್ತಿದ್ದ. ತರಗತಿಯವರು ಅದನ್ನು ಕೇಳಿ ಭೂಪಟದಲ್ಲಿ ಊರು ಹುಡುಕಿ, ದೂರ ಅಳೆದು, ಟೈಪ್ ಮಾಡಿ ಅವನಿಗೇ ಮರಳಿ ಕಳುಹಿಸುತ್ತಿದ್ದರು. ಪಾಠವನ್ನು ಅವನಿಗೆ ತಲುಪಿಸುವುದಕ್ಕೆಂದು ಮಾಡಿದ ಏರ್ಪಾಟಿನಲ್ಲಿ ಪಾಠ ಅವನ ಕಡೆಯಿಂದಲೇ ಬರತೊಡಗಿತು.

ಅಂಕ ಕೊಡುವುದು

ಬಹು ಆಯ್ಕೆಯ ಪ್ರಶ್ನೆಗಳಿಂದ ಈ ಕಲಿಕೆಯನ್ನು ಅಳೆಯಲಾಗದು. ಹುಡುಕಾಟದ ಪುಸ್ತಕವನ್ನೇ ರೂಪಣಾತ್ಮಕ ಮೌಲ್ಯಮಾಪನದ (ಕಲಿಯುತ್ತಿರುವಾಗಲೇ ನಡೆಸುವ ಮೌಲ್ಯಮಾಪನದ) ಚಟುವಟಿಕೆಯಾಗಿ ತೆಗೆದುಕೊಳ್ಳಬಹುದು. ಅದರಲ್ಲಿ ಐದು ಕಾಲಂಗಳಿರಲಿ: ಏನು ಟೈಪ್ ಮಾಡಿದೆ, ಯಾವುದನ್ನು ತೆರೆದೆ, ಯಾರು ಯಾವಾಗ ಬರೆದದ್ದು, ಬೇರೆಲ್ಲಿ ನೋಡಿದೆ, ಏನನ್ನು ಬಿಟ್ಟೆ ಮತ್ತು ಏಕೆ. ನಾನು ಹತ್ತರಲ್ಲಿ ನಾಲ್ಕು ಅಂಕಗಳನ್ನು ಕೊನೆಯ ಕಾಲಮ್ಮಿಗೆ ಇಟ್ಟಿದ್ದೇನೆ. ಮೊದಲ ತಿಂಗಳು ಅದು ಖಾಲಿಯಾಗಿಯೇ ಬರುತ್ತದೆ. ಖಾಲಿ ಬಂದದ್ದನ್ನು ತಿದ್ದದೆ ಮರಳಿಸಿ, ಮುಂದಿನ ಶುಕ್ರವಾರದ ಚರ್ಚೆಯಲ್ಲಿ ಆ ಗುಂಪಿಗೆ ಒಂದೇ ಪ್ರಶ್ನೆ ಕೇಳಬೇಕು: "ಮೊದಲು ಕಂಡದ್ದೇ ಸರಿ ಅಂತ ಹೆಂಗ ಗೊತ್ತಾತು?" ನಮ್ಮ ಶಾಲೆಯಲ್ಲಿ ಆ ಕಾಲಮ್ಮಿಗೆ ಮಕ್ಕಳು ಇಟ್ಟಿರುವ ಹೆಸರು "ಹುಲಿ ಕಾಲಂ".